ಸೋದರತ್ತೆಯ ಸಿಗರೇಟು

ಜೀವಮಾನದಲ್ಲಿ ನಾನು ಮೊಟ್ಟಮೊದಲು ಸಿಗರೇಟು ಕೊಂಡದ್ದು ನಮ್ಮ ಸೋದರತ್ತೆಗಾಗಿ. ಈ ಮಾತು ಹೇಳಿದಾಗಲೆಲ್ಲ ಕೇಳಿದವರು ಮುಗುಳ್ನಗುತ್ತಾರೆ. ಸೇದುವ ಪ್ರತಿಯೊಬ್ಬನೂ ಮೊದಲನೆಯದನ್ನು ಬೇರೆ ಯಾರಿಗೋ ಎಂದೇ ಕೊಂಡಿರುತ್ತಾನೆ, ಸ್ನೇಹಿತನಿಗೆ, ಸಾಹೇಬರಿಗೆ, ಬೀಗರಿಗೆ; ಆದರೆ ಮಡಿ ಹೆಂಗಸಾದ ಸೋದರತ್ತೆಯ ತಲೆಗೆ ಕಟ್ಟಿದವನು ನೀನೊಬ್ಬನೇ ಎನ್ನುತ್ತಾರೆ. ನಾನು ವಾದಿಸುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಕಳೆದ ವರ್ಷಗಳು ನನಗೆ ಕಲಿಸಿದ್ದು ಒಂದೇ: ನಿಜ ಹೇಳಿದರೆ ಸಾಕ್ಷಿ ಕೇಳುತ್ತಾರೆ, ಸುಳ್ಳು ಹೇಳಿದರೆ ರುಜು ಹಾಕಿ ಮೇಲಕ್ಕೆ ಕಳಿಸುತ್ತಾರೆ.

ಸಾತಮ್ಮತ್ತೆ ನಮ್ಮ ತಂದೆಯ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಹೊಳೆನರಸೀಪುರದ ಕೋಟೆ ಬೀದಿಯ ನಮ್ಮ ಮನೆಗೆ ಹಿಂತಿರುಗಿದವರು. ನನ್ನ ತಾಯಿ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿ, ಬೈದು, ಓದಿಸಿದವರೂ ಅವರೇ. ಅವರ ಮಡಿಯ ಖ್ಯಾತಿ ಹೊಳೆಯ ಆಚೆ ದಡದವರೆಗೂ ಹಬ್ಬಿತ್ತು. ಒಣಹಾಕಿದ ಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಮತ್ತೆ ಒಗೆಯುತ್ತಿದ್ದರು. ಇಷ್ಟೆಲ್ಲ ಮಡಿಯ ನಡುವೆಯೂ ಅವರನ್ನು ಮುಟ್ಟಿಯೇ ಬಿಟ್ಟದ್ದು ಒಂದು ಕಾಯಿಲೆ: ಗೂರಲು. ಉಬ್ಬಸ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಆ ಹೆಸರಿನಲ್ಲಿ ಕಾಯಿಲೆಯ ಸದ್ದಿಲ್ಲ. ಗೂರಲು ಎಂದರೆ ಕಾಯಿಲೆಯೇ ಬಾಯಿಬಿಟ್ಟು ತನ್ನ ಹೆಸರು ಹೇಳಿದ ಹಾಗೆ ಕೇಳುತ್ತದೆ.

ಮೋಡ ಕಟ್ಟಿದರೆ, ಒಗ್ಗರಣೆ ಸೀದರೆ, ಪಕ್ಕದ ಮನೆಯವರು ಹಳೇ ಹಾಸಿಗೆ ಬಡಿದರೆ ಅತ್ತೆಗೆ ಶುರುವಾಗುತ್ತಿತ್ತು. ಕೂತಲ್ಲೇ ಮುಂದಕ್ಕೆ ಬಾಗಿ, ಎರಡು ಕೈಯನ್ನೂ ಮಂಡಿಯ ಮೇಲೂರಿ, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ನೀರು ಸೇದುವ ಹಾಗೆ ಸೇದುತ್ತಿದ್ದರು. ಅರ್ಧ ಬರುವಷ್ಟರಲ್ಲಿ ಹಗ್ಗ ಜಾರಿಹೋಗುತ್ತಿತ್ತು. ನೋಡುತ್ತ ನಿಂತ ನಮಗೂ ಉಸಿರು ಕಟ್ಟುತ್ತಿತ್ತು. ಉಸಿರೊಂದೇ ಪುಕ್ಕಟೆಯಾಗಿ ಸಿಗುವ ಪದಾರ್ಥ, ಅದಕ್ಕೆ ಸರ್ಕಾರ ಇನ್ನೂ ಕಂದಾಯ ಹಾಕಿಲ್ಲ ಎಂದು ಕಚೇರಿಯಲ್ಲಿ ನಾನು ತಮಾಷೆ ಮಾಡುತ್ತಿದ್ದೆ. ಅತ್ತೆಯನ್ನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ಆ ತಮಾಷೆ ನಿಂತಿತು.

ನಯಾಪೈಸೆ ಹೊಸದಾಗಿ ಬಂದ ಕಾಲ. ಬೆಳಗಿನ ರೈಲಿಗೆ ಹೋಗಿ, ಡಾಕ್ಟರ ಮುಂದೆ ಕೂತೆವು. ಅವರು ಅತ್ತೆಯ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಇನ್ನು ಮಿಕ್ಸ್ಚರಲ್ಲಿ ಆಗಲ್ಲ. ಈ ಪಂಪು ತರಿಸಿ" ಎಂದು ಚೀಟಿ ಬರೆದರು. ಗಾಜಿನ ಸಣ್ಣ ಬುಡ್ಡಿ, ಅದರ ಬಾಲಕ್ಕೆ ರಬ್ಬರಿನ ಬುರುಡೆ. ಬುಡ್ಡಿಗೆ ನಾಲ್ಕು ತೊಟ್ಟು ಔಷಧಿ ಬಿಟ್ಟು, ಮೂತಿಯನ್ನು ಬಾಯಿಗಿಟ್ಟು, ಬುರುಡೆ ಒತ್ತಿದರೆ ಮಂಜಿನಂತೆ ಹೊರಬರುತ್ತದೆ. ಎಳೆದುಕೊಂಡರೆ ಎದೆ ಬಿಡುತ್ತದೆ. ಪರದೇಶದ ಮಾಲು.

ಮದ್ದಿನಂಗಡಿಯ ಧರಣೇಂದ್ರಯ್ಯನವರು ಚೀಟಿ ನೋಡಿ ಕನ್ನಡಕ ತೆಗೆದರು. ಅವರು ಚನ್ನರಾಯಪಟ್ಟಣದ ಕಡೆಯ ಜೈನರು, ಸೌಮ್ಯ ಸ್ವಭಾವದವರು. ಬೆಲೆ ಹೇಳುವ ಮುಂಚೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಆ ಬೆಲೆ ನನ್ನ ಒಂದು ತಿಂಗಳ ಸಂಬಳವನ್ನು ದಾಟಿ ಎರಡನೆಯ ತಿಂಗಳಿಗೆ ಕಾಲಿಟ್ಟಿತ್ತು. "ಔಷಧಿ ಬೇರೆ, ಸ್ವಾಮಿ. ಇದು ಬರೀ ಪಂಪಿಗೆ" ಎಂದರು. ಅತ್ತೆ ಅಂಗಡಿಯ ಮೆಟ್ಟಿಲಿನಿಂದಲೇ, "ಏಳೋ ಶೀನ, ರೈಲಿಗೆ ಹೊತ್ತಾಯ್ತು" ಎಂದರು. ರೈಲಿಗೆ ಇನ್ನೂ ಎರಡು ಗಂಟೆಯಿತ್ತು.

ಅಂದಿನಿಂದ ನಾನು ಅಗ್ಗದ ಉಸಿರನ್ನು ಹುಡುಕಿಕೊಂಡು ಜಿಲ್ಲೆ ಸುತ್ತಿದೆ. ಮೊದಲು ಅರಕಲಗೂಡಿನ ಪಂಡಿತರು. ಅವರು ಹಣ ಮುಟ್ಟುವುದಿಲ್ಲ, ಮದ್ದು ಧರ್ಮಾರ್ಥ ಎಂಬ ಸುದ್ದಿ ಕೇಳಿ ಬಸ್ಸು ಹತ್ತಿದ್ದೆ. ಸುದ್ದಿ ನಿಜವೇ. ಗೋಲಿಯಷ್ಟು ದೊಡ್ಡ ಹದಿನಾಲ್ಕು ಮಾತ್ರೆ ಕಟ್ಟಿಕೊಟ್ಟು, ನಮಸ್ಕಾರ ಮಾತ್ರ ಸ್ವೀಕರಿಸಿದರು. ಆಮೇಲೆ ಪಥ್ಯ ಹೇಳತೊಡಗಿದರು. ಕರೀ ಹಸುವಿನ ತುಪ್ಪ, ಕಾಡುಜೇನು, ಮೂರು ವರ್ಷದ ಹಳೇ ಅಕ್ಕಿ ಬೇಕು. ಉಪ್ಪು, ಹುಳಿ, ಮಜ್ಜಿಗೆ, ಬದನೆ, ಅವರೆ, ತೊಗರಿ, ತಣ್ಣೀರು, ಸಿಟ್ಟು ಬೇಡ. ಲೆಕ್ಕ ಹಾಕಿದರೆ ಪಂಪೇ ಅಗ್ಗವಾಗುವ ಹಾಗಿತ್ತು. ಮನೆಗೆ ಬಂದು ಪಟ್ಟಿ ಓದಿದೆ. ಅತ್ತೆ ತಣ್ಣೀರಿನವರೆಗೂ ಒಪ್ಪಿದರು. "ಸಿಟ್ಟು ಬಿಡೋಕಾಗಲ್ಲ ಕಣೋ. ಅದೊಂದು ಇರೋದ್ರಿಂದ್ಲೇ ನಾನಿನ್ನೂ ಬದುಕಿರೋದು" ಎಂದು ಮಾತ್ರೆಗಳನ್ನು ತುಳಸಿಕಟ್ಟೆಯ ಗೂಡಿನಲ್ಲಿಟ್ಟರು.

ಎರಡನೆಯದು ನುಗ್ಗೇಹಳ್ಳಿ. ಅಲ್ಲಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಇಂಥದೇ ಪಂಪು ಇಟ್ಟುಕೊಂಡಿದ್ದರು, ಹೋದ ವರ್ಷ ತೀರಿಕೊಂಡರು, ಮಗ ಅದನ್ನು ಅರ್ಧ ಬೆಲೆಗೆ ಕೊಟ್ಟಾನು ಎಂದು ನಮ್ಮ ಕಚೇರಿಯ ಜವಾನ ಹೇಳಿದ. ಸತ್ತವರ ಪಂಪು ಎಂದು ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಹೊಸದೆಂದು ಸುಳ್ಳು ಹೇಳುವುದಾಗಿ ಬಸ್ಸಿನಲ್ಲಿ ನಿಶ್ಚಯಿಸಿಕೊಂಡೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ಧೂಳು ಕುಡಿದು, ನುಗ್ಗೇಹಳ್ಳಿ ತಲುಪಿದರೆ ಮಗ ಕಾಯಿ ಮಂಡಿಯ ಮುಂದೆ ಸೈಕಲ್ ಒರೆಸುತ್ತಿದ್ದ. ವಿಷಯ ಹೇಳಿದೆ.

"ಅಯ್ಯೋ, ಅದಾ ಸಾ? ಗಾಜು ಯಾವತ್ತೋ ಒಡ್ದೋಯ್ತು. ಅಪ್ಪ ಓದ್ಮ್ಯಾಕೆ ರಬ್ಬರ್ ಬುರುಡೆ ಸುಮ್ಕೆ ಬಿದ್ದಿತ್ತು ಕಣ್ಸಾ, ಸೈಕಲ್ ಆರನ್‌ಗೆ ಆಕ್ಕಂಡೆ. ಎಂಗೆ ಕೂಗ್ತದೆ ನೋಡಿ!" ಎಂದು ಒತ್ತಿದ. ಪೋಂ ಎಂದಿತು. ಅಷ್ಟು ಬೆಲೆಯ ಸೈಕಲ್ ಹಾರನ್ನು ಮೈಸೂರು ಸೀಮೆಯಲ್ಲಿ ಇನ್ನೊಂದಿರಲಿಲ್ಲವೆಂದು ಕಾಣುತ್ತದೆ. ಪಾಪ, ಒಳ್ಳೆಯ ಹುಡುಗ. ಒಂದು ಎಳನೀರು ಕೆತ್ತಿ ಕೊಟ್ಟು ಕಳಿಸಿದ.

ಸೋತು ಮತ್ತೆ ಹಾಸನಕ್ಕೆ ಹೋದಾಗ ಧರಣೇಂದ್ರಯ್ಯನವರು ಸುತ್ತಮುತ್ತ ನೋಡಿ, ಮೇಲಿನ ಕಪಾಟಿನಿಂದ ಒಂದು ತಗಡಿನ ಡಬ್ಬಿ ಇಳಿಸಿದರು. "ಪಂಪಿನಷ್ಟು ಗುಣ ಇಲ್ಲ. ಆದರೆ ತಕ್ಷಣಕ್ಕೆ ಎದೆ ಬಿಡತ್ತೆ. ಬೆಲೆ ತುಂಬಾ ಕಮ್ಮಿ. ಹೇಳೋದಕ್ಕೆ ನನಗೇ ಸಂಕೋಚ" ಎಂದರು. ಒಳಗಿದ್ದದ್ದು ಸಿಗರೇಟು! ಗೂರಲಿನವರಿಗೆಂದೇ ಮಾಡಿದ್ದು. ಹೊಗೆಸೊಪ್ಪಲ್ಲ, ಉಮ್ಮತ್ತಿ ಸೊಪ್ಪು ಸುತ್ತಿದ್ದು. ಡಾಕ್ಟರನ್ನು ಕೇಳಿದೆ. "ಗತಿ ಇಲ್ಲದಿದ್ದರೆ ಅದೇ ಸೈ. ಕಟ್ಟಿಕೊಂಡಾಗ ಮಾತ್ರ, ಒಂದೇ ಒಂದು" ಎಂದರು.

ರೈಲಿನಲ್ಲಿ ಆ ಡಬ್ಬಿಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಕೂತವನಿಗೆ ಬೆವರು. ಮಡಿ ಹೆಂಗಸಿಗೆ ಸಿಗರೇಟು ಕೊಡುವ ಕ್ರಮ ಯಾವ ಶಾಸ್ತ್ರದಲ್ಲಿದೆ? ತಟ್ಟೆಯಲ್ಲಿಟ್ಟು ಕೊಡಬೇಕೇ, ನೆಲದ ಮೇಲಿಡಬೇಕೇ? ಬೆಂಕಿ ನಾನು ಹಚ್ಚಬೇಕೇ, ಅವರೇ ಹಚ್ಚಿಕೊಳ್ಳಬೇಕೇ? ನನ್ನ ಹೆಂಡತಿ ರುಕ್ಮಿಣಿ ಸುದ್ದಿ ಕೇಳಿ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಅತ್ತೆ ಮಾತ್ರ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ದೇವರಮನೆಗೆ ಹೋದರು. ಮೂರನೆಯ ದಿನ ಮಧ್ಯಾಹ್ನ ಮೋಡವಾಯಿತು. ಎದೆ ಕಟ್ಟಿತು. ಅರ್ಧ ಗಂಟೆ ಒದ್ದಾಡಿ, "ತಗೊಂಬಾರೋ ಆ ಹಾಳಾದ್ದನ್ನ" ಎಂದರು.

ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂರಿಸಿದೆವು. ಒಲೆಯ ಕೊಳ್ಳಿಯಿಂದಲೇ ಹಚ್ಚಿಕೊಂಡರು. ಬೆಂಕಿಪೊಟ್ಟಣ ಮಡಿಗೆ ಬರುವುದಿಲ್ಲವಂತೆ. ಮೊದಲ ಎರಡು ಎಳೆತಕ್ಕೆ ಕೆಮ್ಮು, ಕಣ್ಣಲ್ಲಿ ನೀರು. ಆಮೇಲೆ ಐದು ನಿಮಿಷದಲ್ಲಿ ಬೆನ್ನು ನೆಟ್ಟಗಾಯಿತು. ಅತ್ತೆ ಆಕಾಶ ನೋಡಿ ಒಂದು ಪೂರ್ತಿ ಉಸಿರು ಎಳೆದುಕೊಂಡರು. ಅವರ ಪೂರ್ತಿ ಉಸಿರು ನಾನು ಕಂಡು ಎಷ್ಟೋ ದಿನವಾಗಿತ್ತು. ನಮ್ಮ ಭಾಷೆಯಲ್ಲಿ ಬಾವಿಯ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಬಾವಿಕಟ್ಟೆಯ ಮೇಲೆ ಕೂತ ಅತ್ತೆಯನ್ನು ಕಂಡಾಗ, ಎರಡಕ್ಕೂ ಒಂದೇ ಮಾತು ಇಟ್ಟ ಹಿರಿಯರು ಏನೋ ತಿಳಿದೇ ಇಟ್ಟಿರಬೇಕು ಎನ್ನಿಸಿತು.

ನಮ್ಮ ಹಿತ್ತಿಲಿಗೆ ಗೋಡೆಯಿತ್ತು, ಹೊಗೆಗೆ ಇರಲಿಲ್ಲ. ವಾರದೊಳಗೆ ಜೋಯಿಸರೂ ಶೇಕ್‌ದಾರರೂ ನಮ್ಮ ಜಗಲಿಗೆ ಬಂದರು. ಜೋಯಿಸರು ಬೀದಿಯ ಪುರೋಹಿತರು, ಪಂಚಾಂಗ ಹೇಳುವವರು. ಶೇಕ್‌ದಾರರು ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಆದರೆ ವಿಚಾರಣೆ ಮಾಡುವ ಚಟದಿಂದ ನಿವೃತ್ತರಾಗಿರಲಿಲ್ಲ.

"ಏನಯ್ಯ ಶೀನಪ್ಪ, ನರಸಿಂಹಸ್ವಾಮಿ ದೇವಸ್ಥಾನಕ್ಕೆ ಕೂಗಳತೆಯಲ್ಲಿ ಏನಿದು? ಹೆಂಗಸರು ಸಿಗರೇಟು ಸೇದೋದು ಅಂದ್ರೆ!" ಎಂದರು ಶೇಕ್‌ದಾರರು. ನಾನು ಕಚೇರಿಯಲ್ಲಿ ಮಾಡುವಂತೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಅದಕ್ಕಿಂತ ಹೆಚ್ಚಿಗೆ ಏನೂ ಮಾಡಲಿಲ್ಲ. ಉತ್ತರ ಬಂದದ್ದು ಬಾಗಿಲ ಹಿಂದಿನಿಂದ.

"ಜೋಯಿಸರೇ, ಹೋಮದ ಹೊಗೆ ಒಳಗೆ ಹೋದ್ರೆ ಪಾಪವೋ ಪುಣ್ಯವೋ?"

"ಪುಣ್ಯವೇ ಸಾತಮ್ಮನೋರೇ. ಅದು ಬೇರೆ."

"ಯಾಕೆ ಬೇರೆ? ಅಲ್ಲೂ ಗಿಡ ಸುಡತ್ತೆ, ಇಲ್ಲೂ ಗಿಡ ಸುಡತ್ತೆ. ಇದು ಉಮ್ಮತ್ತಿ. ಶಿವನ ತಲೆ ಮೇಲೆ ಇಡೋ ಹೂವಿನ ಗಿಡ. ಹೊಗೆಸೊಪ್ಪಿನ ಒಂದು ಎಳೆ ತೋರಿಸಿ, ಇವತ್ತೇ ಬಾವಿಗೆ ಹಾಕ್ತೀನಿ."

ರುಕ್ಮಿಣಿ ತಂದಿಟ್ಟ ಡಬ್ಬಿಯಿಂದ ಜೋಯಿಸರು ಒಂದು ಸಿಗರೇಟು ತೆಗೆದು ಮೂಸಿದರು. ಶಾಸ್ತ್ರ ನೋಡಿ ಹೇಳಬೇಕು ಎಂದು ಅದನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಮಾರನೆಯ ದಿನ ಇನ್ನೊಂದು ಬೇಕೆಂದು ಹೇಳಿಕಳಿಸಿದರು. ಮೊದಲನೆಯದು ಪರೀಕ್ಷೆಯಲ್ಲಿ ಖರ್ಚಾಯಿತಂತೆ. ನಾಲ್ಕನೆಯ ದಿನ ತಾವೇ ಬಂದು ತೀರ್ಪು ಕೊಟ್ಟರು. ಇದು ಧೂಮರೂಪದ ಔಷಧ; ನಮ್ಮ ಪ್ರಾಚೀನರಿಗೆ ಚೆನ್ನಾಗಿ ತಿಳಿದಿದ್ದದ್ದೇ; ಗೂರಲು ಇದ್ದವರು ಸೇವಿಸಬಹುದು, ದೋಷವಿಲ್ಲ. "ಸೇದಬಹುದು" ಎನ್ನಲಿಲ್ಲ, "ಸೇವಿಸಬಹುದು" ಎಂದರು. ಕ್ರಿಯಾಪದ ಬದಲಾದರೆ ಪಾಪವೂ ಬದಲಾಗುತ್ತದೆ. ಹೊರಡುವಾಗ ಎದೆ ಮುಟ್ಟಿಕೊಂಡು, "ಅಂದ ಹಾಗೆ ಶೀನಪ್ಪ, ಹಾಸನಕ್ಕೆ ಹೋದಾಗ ನನಗೂ ಒಂದು ಡಬ್ಬಿ. ಈಚೆಗೆ ಯಾಕೋ ಇಲ್ಲಿ ಸ್ವಲ್ಪ ಹಿಡಿದ ಹಾಗಾಗತ್ತೆ" ಎಂದರು.

ಆಮೇಲೆ ಕೋಟೆ ಬೀದಿಯಲ್ಲಿ ಗೂರಲು ಹಬ್ಬಿದ ವೇಗಕ್ಕೆ ಪ್ಲೇಗು ನಾಚಬೇಕು. ಶೇಕ್‌ದಾರರು ಅದುವರೆಗೆ ದಿನವೂ ಸಂಜೆ ರೈಲ್ವೆ ಸ್ಟೇಷನ್ನಿನ ಹಿಂದೆ ಹುಣಸೆ ಮರದಡಿಗೆ ಹೋಗಿ ನಿಂತು, ಗುಟ್ಟಾಗಿ ಒಂದು ಸಿಗರೇಟು ಸುಟ್ಟು, ಏಲಕ್ಕಿ ಅಗಿಯುತ್ತ ಬರುತ್ತಿದ್ದರು. ಈಗ ಅವರಿಗೆ ಗೂರಲು. ಜಗಲಿಯ ಮೇಲೆ ಕಾಲು ಚಾಚಿ, ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಪಕ್ಕದಲ್ಲಿಟ್ಟುಕೊಂಡು ಸೇವಿಸತೊಡಗಿದರು. ಮಿಡ್ಲ್ ಸ್ಕೂಲಿನ ಮೇಷ್ಟರಿಗೆ ಗೂರಲು. ಸಾಲದ ನೋಟು ಬರೆದುಕೊಡುವವರಿಗೆ ಗೂರಲು. ಎಂದೂ ಒಂದು ಸೀನು ಕೂಡ ಸೀನದ ಪೈಲ್ವಾನ ಸುಬ್ಬರಾಯರಿಗೂ ಗೂರಲು. ಕೆಲವರು ನಮ್ಮ ಮನೆಗೆ ಬಂದು ಅತ್ತೆಯ ಆರೋಗ್ಯ ವಿಚಾರಿಸುವ ನೆಪದಲ್ಲಿ, ಅವರು ಹೇಗೆ ಏದುತ್ತಾರೆ, ಯಾವ ಕಡೆ ಬಾಗುತ್ತಾರೆ ಎಂದು ಗಮನಿಸಿ ಹೋಗಿ ತಮ್ಮ ಮನೆಯಲ್ಲಿ ಅಭ್ಯಾಸ ಮಾಡಿದರು. ಅವರ ತಾಯಂದಿರು, ಹೆಂಡಂದಿರು ಗಾಬರಿಯಾಗಿ ಬೆನ್ನು ನೀವುತ್ತಿದ್ದರು. ಇಷ್ಟು ವರ್ಷ ಎಲೆಯಡಿಕೆಗೂ ಗೊಣಗುತ್ತಿದ್ದ ಹೆಂಗಸರು ಈಗ, "ಹೊತ್ತಾಯ್ತು, ಸಿಗರೇಟು ತೊಗೊಂಡ್ರಾ?" ಎಂದು ಕಾಳಜಿಯಿಂದ ಕೇಳುತ್ತಿದ್ದರು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನೂ ಒಂದು ದಿನ ಅತ್ತೆಯ ಡಬ್ಬಿಯಿಂದ ಒಂದನ್ನು ಕದ್ದು ಕೊಟ್ಟಿಗೆಯಲ್ಲಿ ಸೇವಿಸಿದೆ. ಒಂದು ಗಂಟೆಯೊಳಗೆ ನಾಲಿಗೆ ಒಣಗಿ ಹಪ್ಪಳವಾಯಿತು. ಕಚೇರಿಗೆ ಹೋದರೆ ಕಡತದ ಅಕ್ಷರಗಳು ಇರುವೆಗಳಾಗಿ ಹರಿದಾಡಿದವು. ಹತ್ತಿರದ್ದೊಂದೂ ಕಾಣದು. ಅಂದು ಎಲ್ಲ ಅರ್ಜಿಗಳಿಗೂ "ಪರಿಶೀಲಿಸಿದೆ" ಎಂದು ಬರೆದು ರುಜು ಹಾಕಿದೆ. ಮೇಲಿನಿಂದ ಒಂದು ಆಕ್ಷೇಪಣೆಯೂ ಬರಲಿಲ್ಲ.

ಜೋಯಿಸರ ವಿಷಯದಲ್ಲಿ ಹಾಗಾಗಲಿಲ್ಲ. ದಿನಕ್ಕೆ ಮೂರು ಸೇವಿಸುತ್ತಿದ್ದ ಅವರಿಗೆ ಪಂಚಾಂಗದ ಸಣ್ಣಕ್ಷರ ಮಸುಕಾಯಿತು. ದಶಮಿಯ ಸಾಲು ಬಿಟ್ಟು ಕೆಳಗಿನದನ್ನು ಓದಿ, ಒಂದು ದಿನ ಮುಂಚೆಯೇ ಏಕಾದಶಿ ಸಾರಿಬಿಟ್ಟರು. ಬೀದಿಗೆ ಬೀದಿಯೇ ಉಪವಾಸ ಮಾಡಿತು. ಮಾರನೆಯ ಬೆಳಿಗ್ಗೆ ಪಾರಣೆಗೆ ಎಲೆ ಹಾಕಿ ಕೂತಿದ್ದಾಗ ದೇವಸ್ಥಾನದಿಂದ ಸುದ್ದಿ ಬಂತು: ಏಕಾದಶಿ ಇವತ್ತು. ಬಡಿಸಿದ ಎಲೆ ಎತ್ತಿಸಿ ಎಲ್ಲರೂ ಎರಡನೆಯ ದಿನವೂ ಉಪವಾಸ ಮಾಡಿದರು. ಆ ದಿನ ಬೀದಿಯಲ್ಲಿ ಏದುಸಿರು ಬಿಟ್ಟವರೆಲ್ಲ ನಿಜವಾಗಿಯೇ ಬಿಟ್ಟರು.

ಅಂದಿನಿಂದ ಗೂರಲಿನವರು ಜಾಣರಾದರು. ಡಬ್ಬಿ ಇಟ್ಟುಕೊಂಡರು, ಒಳಗಿನ ಮದ್ದು ಬಿಟ್ಟರು. ಆದರೆ ಅಷ್ಟು ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಧರಣೇಂದ್ರಯ್ಯನವರಿಗೆ ಮದರಾಸಿನಿಂದ ಅಪರೂಪಕ್ಕೊಮ್ಮೆ ಕೆಲವೇ ಡಬ್ಬಿ ಬರುತ್ತಿದ್ದವು. ಅವನ್ನೆಲ್ಲ ಕೋಟೆ ಬೀದಿ ಬಳಿದುಕೊಂಡು ಬಂದಿತ್ತು. ಅತ್ತೆಯ ಡಬ್ಬಿಯಲ್ಲಿ ಎರಡೇ ಉಳಿದಾಗ ನಾನು ಹಾಸನಕ್ಕೆ ಹೋದೆ. ಕಪಾಟು ಖಾಲಿ. "ನಿಮ್ಮೂರಲ್ಲಿ ಏನು ಸ್ವಾಮಿ, ಎಲ್ಲರಿಗೂ ಒಟ್ಟಿಗೆ ಬಂತೇ?" ಎಂದು ಅವರು ನಿಜವಾದ ಕನಿಕರದಿಂದ ಕೇಳಿದರು. ಬಸ್ಸು ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ಕೊನೆಯ ಡಬ್ಬಿಯನ್ನು ಹೋದ ವಾರವೇ ಹೊಳೆನರಸೀಪುರದ ಮೇಷ್ಟರೊಬ್ಬರಿಗೆ ಮಾರಿದ್ದ. ಅರಕಲಗೂಡಿನ ಅಂಗಡಿಯವರಿಗೆ ಅಂಥದೊಂದು ಇದೆಯೆಂದೇ ಗೊತ್ತಿರಲಿಲ್ಲ.

ಅದಾದ ಐದನೆಯ ಬೆಳಿಗ್ಗೆ, ಅವರೇಕಾಯಿ ಕಾಲದ ದಟ್ಟ ಮಂಜು. ಅತ್ತೆಗೆ ಹಿಂದೆಂದೂ ಇಲ್ಲದ ಹಾಗೆ ಕಟ್ಟಿಕೊಂಡಿತು. ಉಳಿದಿದ್ದ ಎರಡೂ ಹಿಂದಿನ ದಿನವೇ ಮುಗಿದಿದ್ದವು. ಮಾತು ನಿಂತಿತು. ಕಣ್ಣು ಮಾತ್ರ ನನ್ನನ್ನು ಹಿಡಿದುಕೊಂಡಿತ್ತು. ರುಕ್ಮಿಣಿ ಬೆನ್ನು ತಿಕ್ಕುತ್ತ, "ಶೇಕ್‌ದಾರರ ಹತ್ತಿರ ಇದೆಯಲ್ಲ, ಓಡಿ!" ಎಂದಳು. ಓಡಿದೆ. ಅವರು ಜಗಲಿಯ ಮೇಲೆ ಸಾಂಗವಾಗಿ ಸೇವಿಸುತ್ತಿದ್ದರು. ಡಬ್ಬಿಗೆ ಕೈ ಹಾಕಿದೆ. ಒಳಗಿದ್ದದ್ದು ಪೇಟೆ ಅಂಗಡಿಯ ಮಾಮೂಲು ಹೊಗೆಸೊಪ್ಪಿನ ಸಿಗರೇಟು.

"ಇದರಲ್ಲಿದ್ದದ್ದು?"

ಅವರು ಬೀದಿಯ ಆ ಕೊನೆ, ಈ ಕೊನೆ ನೋಡಿದರು. "ಅದು... ಬಾಯಿ ಒಣಗತ್ತಪ್ಪ. ತಿಪ್ಪೆಗೆ ಹಾಕಿಸಿದೆ" ಎಂದರು.

ಜೋಯಿಸರ ಮನೆಗೆ ಓಡಿದೆ, ಅಲ್ಲೂ ಅದೇ. ಮೇಷ್ಟರ ಮನೆಯಲ್ಲೂ ಅದೇ. ಬೀದಿಯ ತುಂಬ ಡಬ್ಬಿಗಳು, ಒಂದರಲ್ಲೂ ಒಂದು ಉಸಿರಿಲ್ಲ. ಕೊನೆಗೆ ನಮ್ಮೂರ ಆಸ್ಪತ್ರೆಯ ಡಾಕ್ಟರನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದೆ. ಅವರು ಬರುವಷ್ಟರಲ್ಲಿ ಅತ್ತೆಯ ಉಗುರು ನೀಲಿಯಾಗಿತ್ತು. ಸೂಜಿ ಹಾಕಿ, ಗಳಿಗೆಗೊಮ್ಮೆ ನಾಡಿ ಹಿಡಿದು, ಬಿಸಿಲೇರುವ ತನಕ ಅಲ್ಲೇ ಕೂತಿದ್ದರು. ಏಳುವಾಗ ನನ್ನನ್ನು ಹೊರಗೆ ಕರೆದು, "ಈ ಸಲ ಉಳಿದರು. ಇನ್ನೊಂದು ಸಲಕ್ಕೆ ನಾನು ಜವಾಬ್ದಾರನಲ್ಲ. ಹಾಸನದಲ್ಲಿ ಬರೆದುಕೊಟ್ಟ ಆ ಪಂಪು ಹೇಗಾದರೂ ಮಾಡಿ ತರಿಸಿ" ಎಂದರು.

ನಾನು ಜಗಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತೆ. ಬೀದಿಯವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಪಡಿಸಿದೆ. ಬಹಳ ಚೆನ್ನಾಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಅತ್ತೆ ನಾಲ್ಕು ದಿನ ಮಲಗಿದ್ದು, ಐದನೆಯ ದಿನ ಎದ್ದು ಸ್ನಾನ ಮಾಡಿ ನನ್ನನ್ನು ಕರೆದರು. "ನಾಳೆ ಮೂರು ಗಂಟೆಗೆ ನಮ್ಮ ನಡುಮನೆಗೆ ಬೀದಿಯ ಗೂರಲಿನವರೆಲ್ಲ ಬರಬೇಕು ಅಂತ ಹೇಳಿ ಬಾ. ಮನೆ ಹೆಂಗಸರನ್ನೂ ಕರ್ಕೊಂಡು ಬರಲಿ. ಅರಿಶಿನ ಕುಂಕುಮ ಇದೆ ಅನ್ನು."

ಬಂದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂತರು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ಬೈಗುಳ ಬರುತ್ತದೆಂದು ಗಂಡಸರೆಲ್ಲ ತಲೆ ತಗ್ಗಿಸಿದ್ದರು. ಅತ್ತೆಯ ದನಿಯಲ್ಲಿ ಜೇನು.

"ನನಗೆ ಈ ಕಾಯಿಲೆ ಕಷ್ಟ ಗೊತ್ತು. ನಿಮಗೆಲ್ಲ ಬಂದಿದೆಯಲ್ಲ ಅಂತ ನನಗೆ ಹೊಟ್ಟೆ ಉರಿಯತ್ತೆ. ಮೊನ್ನೆ ನಾನು ಪಟ್ಟ ಪಾಡು ನಾಳೆ ನಿಮಗೆ ಬರಬಾರದು. ಹಾಸನದ ಡಾಕ್ಟರು ಒಂದು ಪಂಪು ಬರ್ಕೊಟ್ಟಿದಾರೆ. ಒಬ್ಬರ ಕೈಲಿ ಆಗೋ ಬೆಲೆ ಅಲ್ಲ. ಎಲ್ಲಾ ಗೂರಲಿನವರೂ ಸೇರಿ ತರಿಸೋಣ. ಇಲ್ಲೇ ಇರತ್ತೆ. ಯಾರಿಗೆ ಕಟ್ಟಿಕೊಂಡ್ರೂ, ಯಾವ ಹೊತ್ತಲ್ಲಾದ್ರೂ ಬನ್ನಿ. ಗೂರಲು ಇಲ್ಲದೋರು ಒಂದು ಕಾಸೂ ಕೊಡಬೇಡಿ. ಇಲ್ಲ ಅನ್ನೋರು ಈಗಲೇ ಕೈ ಎತ್ತಿಬಿಡಿ."

ಯಾರೂ ಕೈ ಎತ್ತಲಿಲ್ಲ. ಎದುರಿಗೆ ಹೆಂಗಸರು ಕೂತಿದ್ದರು. ಶೇಕ್‌ದಾರರು ಮಾತ್ರ ಮೆಲ್ಲನೆ, "ನನಗೆ ಈಗೀಗ ಸ್ವಲ್ಪ ಗುಣ..." ಎನ್ನುವಷ್ಟರಲ್ಲಿ ಅವರ ಹೆಂಡತಿ, "ಎಲ್ಲಿ ಗುಣ? ಬೆಳಿಗ್ಗೆಯಿಂದ ನಾಲ್ಕು ಸೇದಿದ್ರಲ್ಲ! ಇವರ ಮಾತು ಕೇಳಬೇಡಿ ಸಾತಮ್ಮನೋರೇ, ನಮ್ಮದು ಎರಡು ಪಾಲು ಬರ್ಕೊಳ್ಳಿ" ಎಂದರು. ಜೋಯಿಸರು ಪಂಪು ಪರದೇಶದ ವಸ್ತುವಲ್ಲವೇ ಎಂದು ಒಂದು ಸಂದೇಹ ಎತ್ತಿದರು. ಸಿಗರೇಟೂ ಪರದೇಶದ್ದೇ ಎಂದು ಅತ್ತೆ ಸಮಾಧಾನ ಹೇಳಿದರು. ಪೈಲ್ವಾನ ಸುಬ್ಬರಾಯರ ತಾಯಿ ಮಗನ ಬೆನ್ನು ಸವರಿ ಕಣ್ಣೊರೆಸಿಕೊಂಡು, ಸೆರಗಿನ ಗಂಟು ಬಿಚ್ಚಿದರು. ಅಷ್ಟು ಬೇಗ ಹಣ ಕೂಡಿದ್ದನ್ನು ನಾನು ಕಂದಾಯ ಇಲಾಖೆಯಲ್ಲಿ ಕಂಡಿಲ್ಲ.

ಮೂರು ವಾರದಲ್ಲಿ ಪಂಪು ಬಂತು. ಧರಣೇಂದ್ರಯ್ಯನವರು ತಮ್ಮ ಲಾಭ ಬಿಟ್ಟು, ಔಷಧಿಯ ಮೊದಲ ಸೀಸೆಯನ್ನು ಹಾಗೇ ಕೊಟ್ಟರು. ಅತ್ತೆ ಅದನ್ನು ಒಂದು ಸಲ ಒತ್ತಿ, ಎಳೆದು, ಕಣ್ಣು ಮುಚ್ಚಿ ಕೂತರು. "ಇದು ಹೊಗೆ ಅಲ್ಲ ಕಣೋ. ಗಾಳಿ" ಎಂದರು. ಅದೇ ವಾರ ಕೋಟೆ ಬೀದಿಯ ಗಂಡಸರೆಲ್ಲ ಗುಣಮುಖರಾದರು. ಡಬ್ಬಿಗಳು ಸಾಸಿವೆ, ಜೀರಿಗೆ ತುಂಬಲು ಅಡುಗೆಮನೆ ಸೇರಿದವು. ಸ್ಟೇಷನ್ನಿನ ಹಿಂದಿನ ಹುಣಸೆ ಮರದಡಿ ಸಂಜೆಯ ಹೊತ್ತು ಈಗ ಸಾಲುಗಟ್ಟಿ ನಿಲ್ಲುವಷ್ಟು ಜನವಾಯಿತು.

ಪ್ರಬಂಧವನ್ನು ಇಲ್ಲಿಗೇ ಮುಗಿಸಿದ್ದರೆ ನನ್ನ ಬೀದಿಯನ್ನು ಗೇಲಿ ಮಾಡಿದ ತೃಪ್ತಿಯಾದರೂ ಉಳಿಯುತ್ತಿತ್ತು. ಆದರೆ ಇನ್ನೊಂದು ನಡೆಯಿತು.

ಒಂದು ಭಾನುವಾರ ಮಧ್ಯಾಹ್ನ ಜೋಯಿಸರ ಕಿರಿಯ ಸೊಸೆ ಕಮಲ ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದು ಬಂದಳು. ಕಟ್ಟಾಯದ ಕಡೆಯವಳು, ಬಂದು ಏಳು ವರ್ಷವಾಗಿತ್ತು. ಬಾವಿಗೆ ಹೋಗುವುದು, ಬರುವುದು ಬಿಟ್ಟರೆ ಅವಳನ್ನು ಬೀದಿಯಲ್ಲಿ ಕಂಡವರಿಲ್ಲ. ಅತ್ತೆ ಪಂಪು ಒತ್ತಿಕೊಳ್ಳುತ್ತಿದ್ದರು. ಕಮಲ ಮಜ್ಜಿಗೆ ಹಾಕಿಸಿಕೊಂಡ ಮೇಲೂ ಹೋಗಲಿಲ್ಲ. ಕಂಬ ಹಿಡಿದು, ಸೆರಗನ್ನು ಬಾಯಿಗೊತ್ತಿಕೊಂಡು ನೋಡುತ್ತಲೇ ನಿಂತಳು. ಅತ್ತೆ ಪಂಪು ಕೆಳಗಿಟ್ಟು ಅವಳ ಉಸಿರಿಗೆ ಕಿವಿಗೊಟ್ಟರು.

"ಎಷ್ಟು ವರ್ಷದಿಂದ?"

ಕಮಲ ಬಾಗಿಲ ಕಡೆ ನೋಡಿದಳು. "ಮದುವೆಗೆ ಮುಂಚಿನಿಂದ. ಯಾರಿಗೂ ಹೇಳಬೇಡಿ. ಗೊತ್ತಾದ್ರೆ ರೋಗಿಷ್ಠೆಯನ್ನ ತಂದುಹಾಕಿದ್ರು ಅಂತ ತೌರಿಗೆ ಕಳಿಸಿಬಿಡ್ತಾರೆ."

ಅವಳ ಮಾವ ಜಗಲಿಯ ಮೇಲೆ ಕೂತು ಏದುವುದನ್ನು ಅಭ್ಯಾಸ ಮಾಡುತ್ತಿದ್ದ ಅಷ್ಟೂ ದಿನ, ಅವಳು ಒಳಗೆ ಹಸಿ ಸೌದೆಯ ಒಲೆ ಊದುತ್ತ, ಏದುವುದು ಕೇಳಿಸದ ಹಾಗೆ ಸೆರಗು ಕಚ್ಚಿಕೊಂಡಿದ್ದಳು. ಬೀದಿಯಲ್ಲಿ ಗೂರಲು ನಟಿಸಿದವರು ಅಷ್ಟು ಮಂದಿ. ಗೂರಲಿಲ್ಲವೆಂದು ನಟಿಸಿದವಳು ಅವಳೊಬ್ಬಳೇ. ಅವಳ ನಟನೆಯೇ ಚೆನ್ನಾಗಿತ್ತು. ಏಳು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಎದ್ದು ಗಾಜಿನ ಮೂತಿಯನ್ನು ಕುದಿಯುವ ನೀರಿನಲ್ಲಿ ತೊಳೆದು, ನಾಲ್ಕು ತೊಟ್ಟು ಬಿಟ್ಟು, ಅವಳ ಕೈಗೆ ಕೊಟ್ಟರು. ರುಕ್ಮಿಣಿಗೆ ಗಾಬರಿ. "ಅತ್ತೆ, ಮಡಿ... ಎಂಜಲಾಗಲ್ವೇ?"

"ಉಸಿರಿಗೆ ಎಂಥ ಎಂಜಲೇ?" ಎಂದರು ಅತ್ತೆ. "ನೀನು ಒತ್ತು ಕಮಲ. ಹೆದರಬೇಡ. ಬುರುಡೆ ಒತ್ತಿದಾಗಲೇ ಎಳ್ಕೋ."

ಅಲ್ಲಿಂದಾಚೆಗೆ ಜೋಯಿಸರ ಮನೆಯಲ್ಲಿ ದಿನವೂ ಹೆಪ್ಪು ಮುಗಿದುಹೋಗುತ್ತಿತ್ತು.

ವರ್ಷದ ಮೇಲೆ ಒಂದು ಸಂಜೆ ಜೋಯಿಸರು ಜಗಲಿಯ ಮೇಲೆ ನನ್ನ ಪಕ್ಕ ಕೂತು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. "ನಿಮ್ಮತ್ತೆ ದೊಡ್ಡವರು, ಏನೂ ಅನ್ನಬಾರದು. ಆದರೂ ಆ ಪಂಪಿಗೆ ನಾನು ಕೊಟ್ಟ ಹಣ ದಂಡವೇ ಸರಿ. ಒಂದು ದಿನಕ್ಕಾದರೂ ಅದರ ಉಪಯೋಗ ನಮಗೆ ಆಯಿತೇ ಹೇಳು?" ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡೆ. ಅವರೇ ಮಾತು ಬದಲಾಯಿಸಿದರು.

"ಅದಿರಲಿ, ಒಂದು ವಿಚಿತ್ರ ಕೇಳು. ನಮ್ಮ ಚಿಕ್ಕ ಸೊಸೆ ಇದಾಳಲ್ಲ, ಏಳು ವರ್ಷ ಒಂದು ಹಾಡು ಹೇಳಮ್ಮ ಅಂದ್ರೆ ಬರಲ್ಲ ಅಂತಿದ್ದಳು. ಈಚೆಗೆ ಶುಕ್ರವಾರ ಆರತಿಗೆ ತಾನಾಗೇ ಹಾಡ್ತಾಳೆ. ಒಂದೇ ಉಸಿರಿಗೆ ಪೂರ್ತಿ ಚರಣ ಎಳೀತಾಳೆ ಕಣಯ್ಯ! ಒಳ್ಳೇ ದಮ್ಮಿದೆ ಹುಡುಗಿಗೆ."

"ಹೌದು," ಎಂದೆ. "ನಮ್ಮನೆವರೆಗೂ ಕೇಳಿಸತ್ತೆ."